ಅಲಾಸ್ಕದ ಹಡಗಿನಲ್ಲಿ ಗಾಂಧಿ ಕ್ಲಾಸ್!

ಸಿನಿಮಾದಲ್ಲಿ ಮಂಜು ನೋಡದವರು ಯಾರಿದ್ದಾರೆ ಹೇಳಿ? ನಾಯಕನಿಗೆ ಕೋಟು, ಮಫ್ಲರು, ಕೈಗೆ ಗ್ಲೌಸು. ನಾಯಕಿಗೆ ಮಾತ್ರ ತೆಳ್ಳನೆ ಶಿಫಾನ್ ಸೀರೆ! ಪಾಪ, ಅವಳು ನಡುಗದೆ ನಗಬೇಕು, ಹಾಡಿಗೆ ತುಟಿ ಆಡಿಸಬೇಕು, ಇಳಿಜಾರಿನಲ್ಲಿ ಉರುಳಬೇಕು. ಕ್ಯಾಮೆರಾ ನಿಂತ ಕೂಡಲೇ ಕಂಬಳಿ ಹಿಡಿದು ಓಡಿ ಬರುವ ಹುಡುಗ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಕನ್ನಡ ಚಿತ್ರ ಸಮುದ್ರ ದಾಟಿದ್ದು 1978ರಲ್ಲಿ, 'ಸಿಂಗಾಪುರದಲ್ಲಿ ರಾಜಾ ಕುಳ್ಳ'ನ ಜೊತೆ. ಅಲ್ಲಿ ಮಂಜೂ ಇಲ್ಲ, ಮಣ್ಣೂ ಇಲ್ಲ, ಬರೀ ಸೆಕೆ. ಆಮೇಲಾಮೇಲೆ ನಮ್ಮ ಹಾಡುಗಳು ಸ್ವಿಟ್ಜರ್ಲೆಂಡಿನ ತನಕ ಹೋಗಿ ಬಂದವು. ಆದರೆ ಅಲಾಸ್ಕ?

ಅಲಾಸ್ಕಕ್ಕೆ ಹಾಲಿವುಡ್‌ನವರೇ ಸರಿಯಾಗಿ ಹೋಗಿಲ್ಲ ಸ್ವಾಮಿ! 2009ರಲ್ಲಿ ಬಂದ 'ದಿ ಪ್ರಪೋಸಲ್' ಚಿತ್ರದ ಕಥೆ ನಡೆಯೋದು ಅಲಾಸ್ಕದ ಸಿಟ್ಕಾ ಊರಿನಲ್ಲಿ. ಶೂಟಿಂಗ್ ಆದದ್ದು ಮಾತ್ರ ದೇಶದ ಇನ್ನೊಂದು ತುದಿಯ ಮ್ಯಾಸಚೂಸೆಟ್ಸ್‌ನಲ್ಲಿ. 1977ರಿಂದ 1986ರವರೆಗೆ ಅಮೆರಿಕದ ಟಿ.ವಿ.ಯಲ್ಲಿ ಓಡಿದ 'ದಿ ಲವ್ ಬೋಟ್' ಅನ್ನೋ ಧಾರಾವಾಹಿ ಅಲ್ಲಿನ ಮಧ್ಯಮ ವರ್ಗದವರಿಗೆ ಹಡಗಿನ ರಜೆಯ ಹುಚ್ಚು ಹಿಡಿಸಿತು ಅಂತಾರೆ. ಅದರ ಬಹುಪಾಲು ದೃಶ್ಯಗಳೂ ಸ್ಟುಡಿಯೋ ಸೆಟ್ಟಿನಲ್ಲೇ. ಅದರಲ್ಲಿ ಮೆರೆದ 'ಪೆಸಿಫಿಕ್ ಪ್ರಿನ್ಸೆಸ್' ಹಡಗನ್ನು 2013ರಲ್ಲಿ ಟರ್ಕಿಯ ಗುಜರಿಯಲ್ಲಿ ಒಡೆದು ಹಾಕಿದರು. ತಾರೆಗಳ ಕೊನೆಗಾಲ ಎಲ್ಲ ಕಡೆಯೂ ಒಂದೇ!

ಇರಲಿ. ನಾನು ಹೋಗಿ ಬಂದ ಹಡಗಿನ ಕಥೆಗೆ ಬರೋಣ.

2024ರ ಆಗಸ್ಟ್ ಕೊನೆಯ ವಾರ. ಸ್ವಂತ ದುಡ್ಡಿನಲ್ಲಿ ಹೋದೆ ಅಂದರೆ ಈ ಪತ್ರಿಕೆಯ ಸಂಪಾದಕರೇ ನಕ್ಕಾರು. ಲೇಖನಕ್ಕಿಷ್ಟು ಅಂತ ಎಣಿಸಿಕೊಂಡು ಬದುಕುವವನ ಜೇಬು ಅದು. ಸಿಯಾಟಲ್ ಹತ್ತಿರ ನನ್ನ ಅಕ್ಕ, ಭಾವ ಇದ್ದಾರೆ. ಅಮರನಾಥಕ್ಕೆ ಹೋಗಬೇಕು ಅಂತ ಅಪ್ಪ, ಅಮ್ಮ ತಿಪಟೂರಿನಲ್ಲಿ ವರ್ಷಗಟ್ಟಲೆ ಚೀಟಿ ಕಟ್ಟಿದ್ದರು. ಅಪ್ಪ ಹೋದರು. ಅಮ್ಮನ ಮಂಡಿ ಹೋಯಿತು. "ಬೆಟ್ಟ ಹತ್ತೋದು ಬೇಡಮ್ಮ, ಕೂತಲ್ಲೇ ಹಿಮ ತೋರಿಸ್ತೀನಿ" ಅಂತ ಅಕ್ಕ ಹಟ ಹಿಡಿದಳು. ಅಮ್ಮನನ್ನು ಒಬ್ಬಳೇ ಕಳಿಸೋದು ಹೇಗೆ? ಜೊತೆಗೆ ನಾನು. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಅಮೆರಿಕದ ವೀಸಾ ಸಿಕ್ಕಿದ್ದೇ ಪವಾಡ, ಅದರ ಕಥೆ ಇನ್ನೊಂದು ಸಲ.

ಅಂದಹಾಗೆ ಕೆನಡಾದ ವೀಸಾ ಕೂಡ ಬೇಕಾಯಿತು. ಯಾಕೆ ಗೊತ್ತೇ? 1886ರಷ್ಟು ಹಳೆಯ ಅಮೆರಿಕನ್ ಕಾನೂನೊಂದಿದೆ. ಪರದೇಶದಲ್ಲಿ ರಿಜಿಸ್ಟರ್ ಆದ ಹಡಗು ಅಮೆರಿಕದ ಬಂದರಿನಲ್ಲಿ ಜನ ಹತ್ತಿಸಿ, ನಡುವೆ ಪರದೇಶದ ಒಂದು ಬಂದರನ್ನೂ ಮುಟ್ಟದೆ, ಅಮೆರಿಕದಲ್ಲೇ ಇಳಿಸೋ ಹಾಗಿಲ್ಲ. ಈ ದೊಡ್ಡ ಹಡಗುಗಳ ಕಂಪನಿಗಳು ಅಮೆರಿಕದವು, ಬಾವುಟ ಮಾತ್ರ ಬಹಾಮಾಸ್, ಪನಾಮಾ, ಬರ್ಮುಡಾದ್ದು. ಆದ್ದರಿಂದ ಕೊನೆಯ ರಾತ್ರಿ ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ ನಾಲ್ಕು ಗಂಟೆ ನಿಂತು 'ಮುಟ್ಟಿದ ಶಾಸ್ತ್ರ' ಮಾಡುತ್ತವೆ. ಆ ನಾಲ್ಕು ಗಂಟೆಗೆ ನಮ್ಮ ತಲೆಗೆ ಬಿದ್ದ ವೀಸಾ ಖರ್ಚು ಒಬ್ಬೊಬ್ಬರಿಗೆ 185 ಕೆನಡಾ ಡಾಲರು!

ಬಾಲ್ಕನಿಗೆಷ್ಟು, ಬೆಂಚಿಗೆಷ್ಟು?

ಸಿಯಾಟಲ್ ಬಂದರಿನಲ್ಲಿ ನಿಂತ ಹಡಗನ್ನು ನೋಡಿ ಅಮ್ಮ "ಇದೇನು ಹಡಗೋ, ಆಸ್ಪತ್ರೆಯೋ?" ಅಂದಳು. ಬಿಳಿ ಬಣ್ಣ, ಹತ್ತು ಹನ್ನೆರಡು ಅಂತಸ್ತು, ಸಾಲು ಸಾಲು ಕಿಟಕಿ. ಪ್ರಯಾಣಿಕರು ಎರಡೂವರೆ ಸಾವಿರಕ್ಕೂ ಮೇಲೆ, ಕೆಲಸದವರು ಸಾವಿರದಷ್ಟು. ಹಡಗಿನ ಹೆಸರು ಬರೆಯೋದಿಲ್ಲ, ಕಾರಣ ಮುಂದೆ ತಿಳಿಯುತ್ತೆ.

ಟಾಕೀಸಿನ ಲೆಕ್ಕ ಗೊತ್ತಿದ್ದವರಿಗೆ ಈ ಹಡಗಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಇಲ್ಲೂ ಮೇಲ್ದರ್ಜೆಗೆ ಹೆಸರೇ 'ಬಾಲ್ಕನಿ'! ರೂಮಿನಿಂದಾಚೆ ಎರಡು ಕುರ್ಚಿ ಹಾಕುವಷ್ಟು ಜಗಲಿ, ಎದುರಿಗೆ ಸಮುದ್ರ. ಅದಕ್ಕಿಂತ ಕೆಳಗೆ ತೆರೆಯಲಾಗದ ಗಾಜಿನ ಕಿಟಕಿಯ ರೂಮು. ಎಲ್ಲಕ್ಕಿಂತ ಕೆಳಗೆ, ಹಡಗಿನ ಹೊಟ್ಟೆಯ ನಡುವೆ, ಕಿಟಕಿಯೇ ಇಲ್ಲದ ರೂಮು. ಇದು ಗಾಂಧಿ ಕ್ಲಾಸು. ಏಳು ದಿನಕ್ಕೆ ತಲೆಗೆ ಎಂಟುನೂರು ಚಿಲ್ಲರೆ ಡಾಲರು, ಊಟ ಸೇರಿ. ಬಾಲ್ಕನಿಗೆ ಅದರ ಎರಡರಷ್ಟು. ಅಕ್ಕ, ಭಾವ ಬಾಲ್ಕನಿ. ನಮಗೂ ಅದನ್ನೇ ಮಾಡಿಸ್ತೀನಿ ಅಂದದ್ದಕ್ಕೆ ಅಮ್ಮ "ಮಲಗೋಕೆ ಕಿಟಕಿ ಯಾಕೆ?" ಅಂತ ಒಂದೇ ಏಟಿಗೆ ತಳ್ಳಿ ಹಾಕಿದಳು. ದೀಪ ಆರಿಸಿದರೆ ಆ ರೂಮಿನಲ್ಲಿ ಹಗಲೋ ರಾತ್ರಿಯೋ ತಿಳಿಯೋದಿಲ್ಲ. ಮ್ಯಾಟಿನಿ ಷೋ ನಡುವೆ ಎದ್ದು ಕೂತ ಹಾಗೆ!

ಟಿಕೆಟ್ ದುಡ್ಡು ಸಾಲದು ಅಂತ ದಿನಕ್ಕೆ ತಲೆಗೆ ಹದಿನಾರರಿಂದ ಇಪ್ಪತ್ತು ಡಾಲರು 'ಸೇವಾ ಶುಲ್ಕ' ತಾನಾಗೇ ಬಿಲ್ಲಿಗೆ ಸೇರುತ್ತೆ. ನಮ್ಮ ರೂಮು ಗುಡಿಸಿ ಹಾಸಿಗೆ ಹಾಸುವವರಿಗೆ, ಊಟ ಬಡಿಸುವವರಿಗೆ ಅಂತ ಹೇಳುತ್ತಾರೆ. ಅದರಲ್ಲಿ ಯಾರಿಗೆ ಎಷ್ಟು ಹೋಗುತ್ತೆ ಅನ್ನೋದು ಬಿಲ್ಲಿನಲ್ಲಿ ಬರೆದಿರೋದಿಲ್ಲ.

ಮೊದಲನೇ ದಿನ ವ್ಯಾಂಕೂವರ್ ದ್ವೀಪದ ಹೊರಗಡೆ ತೆರೆದ ಸಮುದ್ರ. ಹಡಗು ತೊಟ್ಟಿಲಾಯಿತು. ಅಮ್ಮ ಹಾಸಿಗೆ ಹಿಡಿದಳು. ರೂಮಿನ ಕೆಲಸದ ಇಂಡೊನೇಷ್ಯಾದ ಹುಡುಗ ಹಸಿರು ಸೇಬು, ಉಪ್ಪು ಬಿಸ್ಕತ್ತು ತಂದಿಟ್ಟ. ವಾಂತಿಗೆ ಹಡಗಿನವರ ಮನೆಮದ್ದು ಅದು. ಅಮ್ಮ ಬಿಸ್ಕತ್ತು ಬಿಟ್ಟು ತಾನು ತಂದಿದ್ದ ನಿಂಬೆ ಉಪ್ಪಿನಕಾಯಿ ನೆಕ್ಕಿದಳು. ಒಂದು ಗಂಟೆಯಲ್ಲಿ ಎದ್ದು ಕೂತಳು. ಹಡಗಿನ ಡಾಕ್ಟರು ಇದನ್ನು ಬರೆದುಕೊಳ್ಳಬಹುದು.

ಲೈಬ್ರರಿ ಬಾಗಿಲಲ್ಲಿ ತುಳು

ಮರುದಿನ ಬೆಳಿಗ್ಗೆ ಜೂನೋ. ಅಲಾಸ್ಕದ ರಾಜಧಾನಿ. ರಾಜಧಾನಿ ಅಂದರೆ ವಿಧಾನಸೌಧ, ಜನಜಂಗುಳಿ ಅಂದುಕೊಳ್ಳಬೇಡಿ. ಇಡೀ ಊರಿಗೆ ಮೂವತ್ತೆರಡು ಸಾವಿರ ಜನ. ಇನ್ನೂ ತಮಾಷೆ ಏನಂದರೆ ಈ ರಾಜಧಾನಿಗೆ ಹೊರಗಿನಿಂದ ರಸ್ತೆಯೇ ಇಲ್ಲ! ವಿಮಾನದಲ್ಲಿ ಬರಬೇಕು, ಇಲ್ಲ ಹಡಗಿನಲ್ಲಿ. ಹಿಂದೆ ಬೆಟ್ಟ, ಅದರಾಚೆ ಮೈಲಿಗಟ್ಟಲೆ ಹಿಮದ ಬಯಲು.

ಅಕ್ಕ, ಭಾವ ತಿಮಿಂಗಿಲ ನೋಡೋಕೆ ಬೋಟ್ ಹತ್ತಿದರು. ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲವೆಲ್ಲ ಹವಾಯಿಯಲ್ಲಿ ಕಳೆದು ಬೇಸಿಗೆಯಲ್ಲಿ ಇಲ್ಲಿಗೆ ಬಂದು ಮೀನು ತಿಂದು ಕೊಬ್ಬುತ್ತವೆ. ಅದನ್ನು ನೋಡೋಕೆ ತಲೆಗೆ 180 ಡಾಲರು. "ಆ ದುಡ್ಡಿಗೆ ಊರಲ್ಲಿ ಎರಡು ತಿಂಗಳು ಮನೆ ನಡೀತದೆ" ಅಂದಳು ಅಮ್ಮ. ಸಂಜೆ ಭಾವ ಬಂದು "ಬಾಲ ಕಂಡಿತು" ಅಂದರು. ಮುಖ? "ಮುಖ ತೋರಿಸಲಿಲ್ಲ." ನಮ್ಮ ಕೆಲವು ನಟಿಯರ ಹಾಗೆ ಅಂತ ನಾನು ಸುಮ್ಮನಾದೆ.

ಅಮ್ಮ, ನಾನು ಮಳೆಗೆ ಸಿಕ್ಕಿಕೊಂಡು ಹಡಗುಕಟ್ಟೆಯ ಪಕ್ಕದಲ್ಲೇ ಇದ್ದ ಸಾರ್ವಜನಿಕ ಗ್ರಂಥಾಲಯದ ಕಡೆ ಹೋದೆವು. ಕಾರ್ ನಿಲ್ಲಿಸುವ ಕಟ್ಟಡದ ನೆತ್ತಿಯ ಮೇಲೆ ಆ ಗ್ರಂಥಾಲಯ. ಬಾಗಿಲು ತೆರೆಯೋಕೆ ಇನ್ನೂ ಹೊತ್ತಿತ್ತು. ಆದರೆ ಹೊರಗಡೆ ಗೋಡೆಗೆ ಒರಗಿ ಜನವೋ ಜನ! ಎಲ್ಲರೂ ಫೋನಿಗೆ ಮುಖ ಕೊಟ್ಟವರು. ಫಿಲಿಪೈನ್ಸ್, ಇಂಡೊನೇಷ್ಯಾ, ಭಾರತ, ಆಫ್ರಿಕಾ. ಹಡಗುಗಳಿಂದ ಒಂದೆರಡು ಗಂಟೆ ಬಿಡುವು ಸಿಕ್ಕಿ ಇಳಿದ ಕೆಲಸಗಾರರು. ಹಡಗಿನಲ್ಲಿ ಇಂಟರ್‌ನೆಟ್ಟಿಗೆ ದುಡ್ಡು. ಲೈಬ್ರರಿಯದು ಪುಕ್ಕಟೆ. ಅಲ್ಲೊಬ್ಬ ಫೋನಿನಲ್ಲಿ ಕೇಳುತ್ತಿದ್ದ: "ಅಮ್ಮ, ವನಸ್ ಆಂಡಾ?"

ಊಟ ಆಯ್ತಾ ಅಂತ ತುಳುವಿನಲ್ಲಿ! ಜೂನೋದಲ್ಲಿ ಬೆಳಗಿನ ಒಂಬತ್ತೂವರೆ ಅಂದರೆ ನಮ್ಮೂರಲ್ಲಿ ರಾತ್ರಿ ಹನ್ನೊಂದು. ಅವನು ಫೋನ್ ಇಡುವ ತನಕ ಕಾದು ಮಾತಾಡಿಸಿದೆ. ಬಂಟ್ವಾಳದ ಕಡೆಯ ಹುಡುಗ, ಇಪ್ಪತ್ತಾರು ವರ್ಷ. ನಮ್ಮ ಹಡಗಿನವನೇ. "ಹೆಸರು ಮಾತ್ರ ಬರಿಬೇಡಿ ಸಾರ್" ಅಂದ. ಬರೆಯೋದಿಲ್ಲ ಅಂದೆ. ಹಡಗಿನ ಹೆಸರನ್ನೂ ಬರೆದಿಲ್ಲ.

"ನಾನು ಬೇಕರಿಯಲ್ಲಿ ಸಾರ್, ರಾತ್ರಿ ಪಾಳಿ. ನೀವು ಬೆಳಿಗ್ಗೆ ತಿನ್ನುವ ಬನ್ನು ಉಂಟಲ್ಲ, ಅದು ನಮ್ಮದೇ. ರಾತ್ರಿ ಹತ್ತಕ್ಕೆ ಶುರು ಮಾಡಿದ್ರೆ ಬೆಳಿಗ್ಗೆ ಎಂಟು."

"ಹಗಲು ಏನು ಮಾಡ್ತೀಯಪ್ಪ?" ಅಮ್ಮನ ಪ್ರಶ್ನೆ.

"ಮಲಗುದು ಅಮ್ಮ. ಇವತ್ತು ಮಲಗ್ಲಿಲ್ಲ. ನಾನು ಫೋನ್ ಮಾಡುವ ತನಕ ಮನೆಯಲ್ಲಿ ಅಮ್ಮ ಮಲಗುದಿಲ್ಲ."

ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸು. ಮೊದಲ ಕಾಂಟ್ರಾಕ್ಟ್ ಪಾತ್ರೆ ತೊಳೆಯೋದು. ಎರಡನೆಯದರಿಂದ ಹಿಟ್ಟು ನಾದೋದು. ಒಂದು ಕಾಂಟ್ರಾಕ್ಟ್ ಎಂಟು ಒಂಬತ್ತು ತಿಂಗಳು, ಅಷ್ಟರಲ್ಲಿ ವಾರದ ರಜೆ ಅನ್ನೋದು ಇಲ್ಲವೇ ಇಲ್ಲ. ತಿಂಗಳಿಗೆ ಸಾವಿರ ಡಾಲರಿನ ಆಸುಪಾಸು. ಊಟ, ಹಾಸಿಗೆ ಹಡಗಿನದು. ಇಬ್ಬರಿಗೊಂದು ರೂಮು, ಒಂದರ ಮೇಲೊಂದು ಮಂಚ, ನೀರಿನ ಮಟ್ಟಕ್ಕಿಂತ ಕೆಳಗೆ. ನಾನು ಗಾಂಧಿ ಕ್ಲಾಸು ಅಂದುಕೊಂಡಿದ್ದ ನಮ್ಮ ರೂಮಿಗಿಂತಲೂ ಕೆಳಗೆ ಇನ್ನೊಂದು ಕ್ಲಾಸು ಇದೆ ಅಂತ ಆಗ ಗೊತ್ತಾಯಿತು. ಅದಕ್ಕೆ ಟಿಕೆಟ್ ಇಲ್ಲ. ಹಡಗಿನ ಉದ್ದಕ್ಕೂ ಕೆಳಗೊಂದು ಓಣಿ ಇದೆಯಂತೆ. ಹಿಟ್ಟಿನ ಮೂಟೆ, ಕೊಳೆ ಬಟ್ಟೆ, ತರಕಾರಿ ಎಲ್ಲ ಓಡಾಡೋ ದಾರಿ. ಅಮೆರಿಕದ ಒಂದು ಹೆದ್ದಾರಿಯ ಹೆಸರಿಟ್ಟು ಅದನ್ನು 'ಐ-95' ಅಂತ ಕರೆಯುತ್ತಾರಂತೆ.

ಕಾನೂನು ಇಲ್ಲ ಅಂತಲ್ಲ. ನಾವಿಕರ ದುಡಿಮೆಯ ಬಗ್ಗೆ 2006ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದ ಆಯಿತು. 2013ರಿಂದ ಜಾರಿಯಲ್ಲಿದೆ. ಭಾರತವೂ 2015ರಲ್ಲಿ ಒಪ್ಪಿತು. ವಿಶ್ರಾಂತಿಯ ಲೆಕ್ಕ ಹಿಡಿದರೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ಕೊಡಬೇಕು. ವಾರಕ್ಕೆ ಇರೋದೇ 168 ಗಂಟೆ. ಕಳೆಯೋದು ನಿಮಗೆ ಬಿಟ್ಟಿದ್ದು!

"ಕಷ್ಟ ಅಲ್ಲವೇನಪ್ಪ?" ಅಂದಳು ಅಮ್ಮ.

"ಕಷ್ಟ ಉಂಟು. ಆದ್ರೆ ತಂಗಿ ನರ್ಸಿಂಗ್ ಕಲೀತಾ ಇದ್ದಾಳೆ. ಮನೆಯ ಹೆಂಚು ತೆಗೆದು ಸ್ಲ್ಯಾಬ್ ಹಾಕಿಸಿದೆ. ಊರಲ್ಲಿ ಬೇಕರಿಯಲ್ಲಿ ನಿಂತಿದ್ರೆ ಎಂತ ಆಗ್ತಿತ್ತು?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಓದುತ್ತಿರುವ ಹುಡುಗರಲ್ಲಿ ಹಡಗಿನ ಕೆಲಸದ ಆಸೆ ಇರುವವರು ಖಂಡಿತ ಇದ್ದೀರಿ. ಅವನು ಹೇಳಿದ ಒಂದು ಮಾತು ನಿಮಗಾಗಿ. ಅವನ ಚಿಕ್ಕಪ್ಪನ ಮಗ ಒಬ್ಬ ಏಜೆಂಟನಿಗೆ ಮೂರು ಲಕ್ಷ ಕೊಟ್ಟು ಮುಂಬೈಗೆ ಹೋದ. ಅಲ್ಲಿ ಆಫೀಸಿಗೆ ಬೀಗ, ಫೋನ್ ಸ್ವಿಚ್ ಆಫ್! ಕೆಲಸ ಕೊಡಿಸೋಕೆ ನಾವಿಕನಿಂದ ದುಡ್ಡು ತೆಗೆದುಕೊಳ್ಳುವುದೇ ಕಾನೂನಿಗೆ ವಿರುದ್ಧ. ಭಾರತ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯ ಇಂಥ ಏಜೆನ್ಸಿಗಳಿಗೆ 'ಆರ್‌ಪಿಎಸ್‌ಎಲ್' ಅನ್ನೋ ಲೈಸೆನ್ಸ್ ಕೊಡುತ್ತೆ. ಆ ನಂಬರ್ ಸರ್ಕಾರದ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಅವನ ಮೆಟ್ಟಿಲು ಹತ್ತಬೇಡಿ.

"ಗ್ಲೇಸಿಯರ್ ನೋಡಿದ್ಯೇನಪ್ಪ?" ಅಮ್ಮನಿಗೆ ಅದೇ ಧ್ಯಾನ.

ಹುಡುಗ ನಕ್ಕ. "ಎಂತ ನೋಡುದು ಅಮ್ಮ! ಇದು ಮೂರನೇ ಸೀಸನ್. ಒಂದೇ ಸಲ ನೋಡಿದ್ದು. ಅದೂ ಬಾಗಿಲ ಸಂದಿಯಿಂದ. ನಿಮ್ಮ ಹಗಲು ನಮಗೆ ರಾತ್ರಿ ಅಲ್ವಾ?"

ಅಮ್ಮ ಕೈಚೀಲ ತೆರೆದು ಚಟ್ನಿಪುಡಿಯ ಒಂದು ಪೊಟ್ಟಣ ಅವನ ಕೈಗಿಟ್ಟಳು. "ಈ ಸಲ ನೋಡಿಬಿಡು" ಅಂತ ಅಪ್ಪಣೆ ಬೇರೆ!

ಮಧ್ಯಾಹ್ನ ಬಸ್ಸಿನಲ್ಲಿ ಮೆಂಡೆನ್‌ಹಾಲ್ ಹಿಮನದಿಗೆ ಹೋಗಿ ಬಂದೆವು. ಹದಿಮೂರು ಮೈಲಿ ಉದ್ದದ ನದಿ, ನೀರಿನ ಬದಲು ಹಿಮ. ವರ್ಷ ವರ್ಷಕ್ಕೆ ಹಿಂದೆ ಸರೀತಾ ಇದೆ. ಪಕ್ಕದಲ್ಲೊಂದು ಕಣಿವೆ. ಅಲ್ಲಿದ್ದ ಚಿಕ್ಕ ಹಿಮನದಿ ಕರಗಿ ಹಳ್ಳವಾಗಿದೆ. ಅದರಲ್ಲಿ ಬೇಸಿಗೆಯ ನೀರು ತುಂಬುತ್ತೆ, ಮೆಂಡೆನ್‌ಹಾಲ್‌ನ ಹಿಮವೇ ಅದಕ್ಕೆ ಕಟ್ಟೆ. ಒಂದು ದಿನ ನೀರು ಹಿಮದ ಅಡಿಯಿಂದ ನುಗ್ಗಿಕೊಂಡು ಊರಿಗೆ ಬರುತ್ತೆ. 2011ರಿಂದ ಹೀಗೆ ಶುರು. ನಾವು ಹೋಗುವ ಮೂರು ವಾರ ಮುಂಚೆ, 2024ರ ಆಗಸ್ಟ್ 6ರಂದು, ಸುಮಾರು 300 ಮನೆಗಳಿಗೆ ನೀರು ನುಗ್ಗಿತ್ತು. ಬೀದಿಯಲ್ಲಿ ಒದ್ದೆ ಹಾಸಿಗೆ, ಸೋಫಾಗಳ ರಾಶಿ ಇನ್ನೂ ಇತ್ತು. ಪ್ರವಾಸದ ಬಸ್ಸು ಅದರ ಪಕ್ಕದಲ್ಲೇ ಹೋಯಿತು. ಗೈಡ್ ಆ ಕಡೆ ಕೈ ತೋರಿಸಲಿಲ್ಲ. (2025ರ ಆಗಸ್ಟ್‌ನಲ್ಲಿ ಪ್ರವಾಹ ಇನ್ನೂ ಎತ್ತರಕ್ಕೆ ಬಂತು. ಅಷ್ಟರಲ್ಲಿ ತಾತ್ಕಾಲಿಕ ತಡೆಗೋಡೆ ಕಟ್ಟಿದ್ದರಿಂದ ಹೆಚ್ಚಿನ ಮನೆಗಳು ಉಳಿದವು.)

ವರ್ಷಕ್ಕೆ ಹದಿನಾರು ಲಕ್ಷಕ್ಕೂ ಮೀರಿ ಹಡಗಿನ ಜನ ಇಳಿಯುವ ಊರು ಅದು. ಊರಿನವರಿಗೂ ರೋಸಿದೆ. ದಿನಕ್ಕೆ ಐದು ದೊಡ್ಡ ಹಡಗು ಸಾಕು ಅಂತ 2024ರಿಂದ ಮಿತಿ ಹಾಕಿಸಿದರು. ಶನಿವಾರ ದೊಡ್ಡ ಹಡಗುಗಳೇ ಬೇಡ ಅಂತ ಅದೇ ಅಕ್ಟೋಬರ್‌ನಲ್ಲಿ ಮತಕ್ಕೆ ಹಾಕಿದರು. ಸೋತಿತು. ಅಂಗಡಿಯವನಿಗೆ ಹಡಗು ಬೇಕು, ಪಕ್ಕದ ಮನೆಯವನಿಗೆ ಬೇಡ. ನಮ್ಮಲ್ಲಿ ಜಾತ್ರೆ ನಡೆಯುವ ಊರಿನವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಚಾಪ್ಲಿನ್ ಬಾರದ ಊರು

ಮಾರನೆಯ ದಿನ ಸ್ಕ್ಯಾಗ್‌ವೇ. ಸಿನಿಮಾ ಹುಚ್ಚರೇ, ಇಲ್ಲಿ ಸ್ವಲ್ಪ ನಿಲ್ಲಿ. ಚಾರ್ಲಿ ಚಾಪ್ಲಿನ್‌ನ 'ದಿ ಗೋಲ್ಡ್ ರಷ್' ನೆನಪಿದೆಯೇ? ಹಸಿವು ತಾಳದೆ ಬೂಟು ಬೇಯಿಸಿ ತಿನ್ನುತ್ತಾನಲ್ಲ, ಅದೇ. ಆ ಕಥೆಗೆ ಬೇರು ಇಲ್ಲಿದೆ. 1897ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿತು. ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟು ಹೊರಟರು. ಸ್ಕ್ಯಾಗ್‌ವೇ, ಪಕ್ಕದ ಡೈಯಾ, ಈ ಎರಡು ಕಡೆ ಹಡಗಿನಿಂದ ಇಳಿದು ಹಿಮದ ಬೆಟ್ಟ ಹತ್ತಬೇಕು. ಒಂದು ವರ್ಷಕ್ಕೆ ಸಾಲುವಷ್ಟು ಸಾಮಾನು, ಅಂದರೆ ಹತ್ತಿರ ಹತ್ತಿರ ಒಂದು ಟನ್, ಜೊತೆಗಿಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಒಬ್ಬ ಮನುಷ್ಯ ಒಂದು ಟನ್ ಹೊರೋದು ಹೇಗೆ? ಅದೇ ಬೆಟ್ಟವನ್ನು ಮೂವತ್ತು ನಲವತ್ತು ಸಲ ಹತ್ತಿ ಇಳಿದು! ಚಿಲ್‌ಕೂಟ್ ಕಣಿವೆಯಲ್ಲಿ ಹಿಮ ಕಡಿದು ಮಾಡಿದ 1,500 ಮೆಟ್ಟಿಲಿಗೆ 'ಚಿನ್ನದ ಮೆಟ್ಟಿಲು' ಅಂತ ಹೆಸರಿಟ್ಟರು. 1898ರ ಏಪ್ರಿಲ್ 3ರಂದು ಅಲ್ಲೇ ಹಿಮ ಕುಸಿದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ವೈಟ್ ಪಾಸ್ ದಾರಿಯಲ್ಲಿ ಮೂರು ಸಾವಿರ ಕುದುರೆಗಳು ಬಿದ್ದು ಸತ್ತವು. ಚಿನ್ನದ ಊರು ಮುಟ್ಟಿದವರು ಮೂವತ್ತು ನಲವತ್ತು ಸಾವಿರ. ಶ್ರೀಮಂತರಾದವರು ಬೆರಳೆಣಿಕೆ.

ಚಿಲ್‌ಕೂಟ್ ಹತ್ತುವ ಜನರ ಆ ಕಪ್ಪು ಸಾಲಿನ ಚಿತ್ರಗಳನ್ನು ಚಾಪ್ಲಿನ್ ನೋಡಿದ್ದು ಹಾಲಿವುಡ್‌ನಲ್ಲಿ, ಗೆಳೆಯ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಮನೆಯಲ್ಲಿ. ಕಥೆ ಹೊಳೆಯಿತು. ಕ್ಯಾಲಿಫೋರ್ನಿಯಾದ ಟ್ರಕೀ ಬೆಟ್ಟದಲ್ಲಿ ಸುಮಾರು 600 ಜನರನ್ನು ಸಾಲಾಗಿ ಹತ್ತಿಸಿ ಅದೇ ದೃಶ್ಯ ತೆಗೆದ. ಉಳಿದ ಹಿಮವೆಲ್ಲ ಸ್ಟುಡಿಯೋದ ಉಪ್ಪು, ಹಿಟ್ಟು. ಆ ಬೂಟು ಜೇಷ್ಠಮಧುವಿನ ಮಿಠಾಯಿ! 1925ರಲ್ಲಿ ಬಿಡುಗಡೆಯಾದ ಆ ಚಿತ್ರದ ಶೂಟಿಂಗಿಗೆ ಅಲಾಸ್ಕದ ಮಣ್ಣನ್ನೇ ಮುಟ್ಟಲಿಲ್ಲ.

ಈಗ ಆ ಬೆಟ್ಟಕ್ಕೆ ಪುಟ್ಟ ರೈಲು ಹೋಗುತ್ತೆ. 1898ರಿಂದ 1900ರೊಳಗೆ ಹಾಕಿದ ಮೂರಡಿ ಅಗಲದ ಹಳಿ. ಇಪ್ಪತ್ತು ಮೈಲಿಯಲ್ಲಿ ಮೂರು ಸಾವಿರ ಅಡಿಯಷ್ಟು ಏರುತ್ತೆ. ಅಕ್ಕ ನಾಲ್ವರಿಗೂ ಟಿಕೆಟ್ ತೆಗೆದಳು. ದಾರಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಊರು ಮಾತ್ರ ನನಗೆ ಸೆಟ್ ಹಾಕಿದ ಹಾಗೆ ಕಂಡಿತು. ಕಾಯಂ ವಾಸ ಮಾಡುವವರು ಸಾವಿರದ ಇನ್ನೂರರಷ್ಟು. ಹಡಗು ಬಂದ ದಿನ ಬೀದಿಯಲ್ಲಿ ಹತ್ತು ಸಾವಿರ. ಮರದ ಮುಂಗಟ್ಟಿನ ಹಳೇ ಅಂಗಡಿಗಳ ತುಂಬ ವಜ್ರದ ಓಲೆ, ಗಡಿಯಾರ. ಒಂದು ಕೌಂಟರ್ ಹಿಂದಿನಿಂದ "ಆಯಿಯೇ ಮಾತಾಜಿ" ಅಂತ ದನಿ ಬೇರೆ! ಅಮ್ಮ ಗಾಬರಿಯಾಗಿ ಬೆಂಡೋಲೆ ಮುಚ್ಚಿಕೊಂಡು ಹೊರಬಂದಳು.

ಆ ರಾತ್ರಿ ಕಿಟಕಿಯಿಲ್ಲದ ರೂಮಿನಲ್ಲಿ ಮಲಗಿ 'ಗೋಲ್ಡ್ ರಷ್'ನ ಕೊನೆಯ ದೃಶ್ಯ ನೆನೆದೆ. ಅದು ನಡೆಯೋದೇ ಹಡಗಿನ ಮೇಲೆ! ಕೋಟ್ಯಧೀಶನಾದ ಚಾರ್ಲಿ ಮೇಲಿನ ಡೆಕ್ಕಿನ ಪ್ರಯಾಣಿಕ. ಫೋಟೋದವರಿಗೋಸ್ಕರ ಹಳೇ ಹರಕು ಬಟ್ಟೆ ಹಾಕಿಕೊಂಡು ಹಿಂದೆ ಹಿಂದೆ ಸರಿಯುತ್ತಾ ಕೆಳಗಿನ ಅಗ್ಗದ ಡೆಕ್ಕಿಗೆ ಬೀಳುತ್ತಾನೆ. ಅಲ್ಲಿ ಅವನ ಹುಡುಗಿ. ಟಿಕೆಟ್ ಇಲ್ಲದೆ ಹತ್ತಿದ ಬಡಪಾಯಿ ಅಂದುಕೊಂಡು ಅವನ ಚಾರ್ಜು ತಾನು ಕೊಡ್ತೀನಿ ಅಂತಾಳೆ. ನಮ್ಮ ಹಡಗಿನಲ್ಲಿ ಹಾಗೆ ಬೀಳೋಕೆ ದಾರಿಯೇ ಇಲ್ಲ. ಕೆಳಗೆ ಹೋಗುವ ಪ್ರತಿ ಬಾಗಿಲಿಗೂ 'ಸಿಬ್ಬಂದಿಗೆ ಮಾತ್ರ' ಅಂತ ಬೋರ್ಡು.

ಬಿಳಿ ಗುಡುಗು

ನಾಲ್ಕನೆಯ ದಿನ ಗ್ಲೇಸಿಯರ್ ಬೇ. ಇದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಪ್ರವೇಶ. ಬೆಳಿಗ್ಗೆ ಚಿಕ್ಕ ಬೋಟಿನಲ್ಲಿ ಬಂದ ಉದ್ಯಾನದ ರೇಂಜರ್‌ಗಳು ಚಲಿಸುತ್ತಿರುವ ಹಡಗಿಗೆ ಹಗ್ಗದ ಏಣಿ ಹಿಡಿದು ಹತ್ತಿದರು. ಸ್ಟಂಟ್ ಮಾಸ್ಟರ್ ಇಲ್ಲದೆ! ಆಮೇಲೆ ದಿನವಿಡೀ ಮೈಕಿನಲ್ಲಿ ಅವರದೇ ವಿವರಣೆ.

ಅವರು ಹೇಳಿದ್ದು ಕೇಳಿ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್‌ನ ಜನ ಇಲ್ಲಿಗೆ ಬಂದಾಗ ಈ ಕೊಲ್ಲಿಯೇ ಇರಲಿಲ್ಲ. ಹಿಮದ ಗೋಡೆಯಲ್ಲಿ ಐದು ಮೈಲಿಯ ಒಂದು ಕಚ್ಚು, ಅಷ್ಟೇ. 1879ರಲ್ಲಿ ಜಾನ್ ಮ್ಯೂರ್ ಬಂದಾಗ ಹಿಮ ಮೂವತ್ತು ಮೈಲಿಗೂ ಹೆಚ್ಚು ಹಿಂದೆ ಹೋಗಿತ್ತು. ಈಗ ಹಿಮದ ಮುಖ ನೋಡಬೇಕಾದರೆ ಬಾಯಿಯಿಂದ ಅರವತ್ತೈದು ಮೈಲಿ ಒಳಗೆ ಹೋಗಬೇಕು. ಇದಷ್ಟನ್ನೂ ಈ ಕಾಲದ ಹೊಗೆಯ ತಲೆಗೆ ಕಟ್ಟುವಂತಿಲ್ಲ. ಮೊದಲ ಕರಗುವಿಕೆ ಕಾರ್ಖಾನೆ, ಕಾರುಗಳ ಕಾಲಕ್ಕಿಂತ ಹಿಂದಿನದು. ಅದಕ್ಕೂ ಮುಂಚೆ, 1700ರ ನಡುಭಾಗದಲ್ಲಿ, ಇದೇ ಹಿಮ ಮುನ್ನುಗ್ಗಿ ಬಂದು ಇಲ್ಲಿದ್ದ ಹೂನಾ ಟ್ಲಿಂಗಿಟ್ ಜನರ ಹಳ್ಳಿಗಳನ್ನು ಅಳಿಸಿ ಹಾಕಿತ್ತು. ನಮ್ಮ ಶರಾವತಿಯ ಮುಳುಗಡೆಯವರ ಹಾಗೆ ಅವರೂ ಊರು ಬಿಟ್ಟರು. ಹಿಮ ಸರಿದ ಮೇಲೆ ಜಾಗ ಸರ್ಕಾರದ ಉದ್ಯಾನವಾಯಿತು. 2016ರಲ್ಲಿ ಅವರ ಕುಲದ ಮನೆಯೊಂದು ಮತ್ತೆ ಇಲ್ಲಿ ಎದ್ದು ನಿಂತಿತು.

ಚಳಿ ಅಂದರೆ ಏನು ಅಂತ ಗೊತ್ತಾದದ್ದು ಆಗ. ಊರಲ್ಲಿ ಡಿಸೆಂಬರ್ ಚಳಿಗೆ ಮೈ ಜುಮ್ಮೆನ್ನುತ್ತೆ. ಇಲ್ಲಿ ಗಾಳಿ ಹಲ್ಲಿನ ಸಂದಿಗೆ ನುಗ್ಗುತ್ತೆ. ಅಮ್ಮ ಸೀರೆಯ ಮೇಲೆ ಎರಡು ಸ್ವೆಟರ್, ಅದರ ಮೇಲೆ ಅಕ್ಕನ ಜರ್ಕಿನ್, ತಲೆಗೆ ಅಪ್ಪನ ಮಂಕಿ ಕ್ಯಾಪ್. ಆ ಟೋಪಿಯನ್ನು ಕೊಯಮತ್ತೂರಿಗೆ ಹೋದಾಗ ಅಪ್ಪ ಅಮರನಾಥಕ್ಕೆ ಅಂತಲೇ ಕೊಂಡಿದ್ದರು. ಅದನ್ನು ನೋಡಿ ಅಮೆರಿಕದ ಮುದುಕಿಯೊಬ್ಬಳು "ವಂಡರ್‌ಫುಲ್! ಎಲ್ಲಿ ಸಿಗುತ್ತೆ?" ಅಂತ ಕೇಳಿದಳು. ಡೆಕ್ಕಿನಲ್ಲಿ ಬಟಾಣಿ ಸೂಪ್ ಹಂಚಿದರು. ಹಬೆಯಾಡುತ್ತಿದ್ದ ಕಪ್ಪಿಗೆ ಅಮ್ಮ ಕೈ ಚಾಚಿದಳು. ಒಳಗೆ ಹಂದಿ ಮಾಂಸದ ಚೂರು ಇದೆ ಅಂತ ಅಕ್ಕ ಹೇಳಿದ ಕೂಡಲೇ ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದೆಗೆದಳು.

ಮಾರ್ಜರಿ ಹಿಮನದಿಯ ಎದುರು ಹಡಗು ನಿಂತಿತು. ಒಂದು ಮೈಲಿ ಅಗಲ, ನೀರಿನಿಂದ 250 ಅಡಿ ಎತ್ತರದ ಗೋಡೆ. ಬಿಳಿ ಅಂದುಕೊಂಡಿದ್ದೆ. ಅಲ್ಲ, ನೀಲಿ! ಬಟ್ಟೆಗೆ ಹಾಕುವ ನೀಲಿಯನ್ನು ಬಿರುಕು ಬಿರುಕಿಗೂ ಸುರಿದ ಹಾಗೆ. ವರ್ಷಗಟ್ಟಲೆ ಒಂದರ ಮೇಲೊಂದು ಬಿದ್ದ ಹಿಮದ ಒತ್ತಡಕ್ಕೆ ಒಳಗಿನ ಗಾಳಿಯೆಲ್ಲ ಹೊರಟು ಗಟ್ಟಿಯಾದ ಹಿಮ ಕೆಂಪು ಬೆಳಕನ್ನು ನುಂಗಿಬಿಡುತ್ತೆ, ನೀಲಿಯನ್ನು ಮಾತ್ರ ಬಿಡುತ್ತೆ. ಯಾವ ಕ್ಯಾಮೆರಾಮನ್‌ನ ಫಿಲ್ಟರಿಗೂ ಆ ಬಣ್ಣ ಬಾರದು.

ಎರಡೂವರೆ ಸಾವಿರ ಜನ ಇದ್ದೂ ಸದ್ದಿಲ್ಲ. ಬಾಲ್ಕನಿಯವರೆಲ್ಲ ತಮ್ಮ ಜಗಲಿ ಬಿಟ್ಟು ಮುಂದಿನ ತೆರೆದ ಡೆಕ್ಕಿಗೇ ಬಂದಿದ್ದರು. ಈ ಪರದೆಗೆ ಮುಂದಿನ ಬೆಂಚೇ ಒಳ್ಳೇ ಜಾಗ! ಫಳ್ ಅಂತ ಒಂದು ಚೂರು ಉದುರಿತು. ಬಿದ್ದದ್ದು ಕಣ್ಣಿಗೆ ಕಂಡು, ನೀರು ಚಿಮ್ಮಿ, ಆಮೇಲೆ ಸದ್ದು ಬಂತು. ಡಬ್ಬಿಂಗ್ ಸರಿಹೊಂದದ ಚಿತ್ರದ ಹಾಗೆ. ಈ ಸದ್ದಿಗೆ ಟ್ಲಿಂಗಿಟ್ ಜನ 'ಬಿಳಿ ಗುಡುಗು' ಅಂತಾರೆ.

ಅಮ್ಮ ಕೈ ಮುಗಿದಳು. ಬಾಯಲ್ಲಿ ಏನು ಹೇಳಿಕೊಂಡಳೋ ಗೊತ್ತಿಲ್ಲ. ಆಮೇಲೆ "ಗಾಳಿ ಜಾಸ್ತಿ, ಹಿಂದಕ್ಕೆ ಹೋಗೋಣ" ಅಂದಳು. ಹಡಗಿನ ಹಿಂಭಾಗದ ಕಟಾಂಜನಕ್ಕೆ ಬಂದು ನಿಂತೆವು. ಎಲ್ಲರಿಗೂ ಕಾಣಲಿ ಅಂತ ಹಡಗು ನಿಂತಲ್ಲೇ ನಿಧಾನವಾಗಿ ಸುತ್ತುತ್ತೆ. ಹಾಗೆ ಸುತ್ತಿ ಬೆನ್ನು ಹಿಮನದಿಯ ಕಡೆಗೆ ಬಂತು. ಕೆಳಗೆ ನೋಡಿದೆ. ಹಗ್ಗ ಕಟ್ಟುವ ಕೆಳ ಡೆಕ್ಕಿನ ತೆರವಿನಲ್ಲಿ ಆರೇಳು ಜನ ಕೆಲಸಗಾರರು. ಅಡಿಗೆಮನೆಯ ಬಿಳಿ ಕೋಟಿನ ಮೇಲೆ ಸ್ವೆಟರ್ ಹಾಕಿಕೊಂಡು ನಮ್ಮ ಬಂಟ್ವಾಳದ ಹುಡುಗನೂ! ರಾತ್ರಿಯೆಲ್ಲ ಹಿಟ್ಟು ನಾದಿ ಇನ್ನೂ ಮಲಗಿರಲಿಲ್ಲ. ಫೋನ್ ಎತ್ತಿ ಹಿಡಿದಿದ್ದ. ಅಮ್ಮ ಮೇಲಿನಿಂದ ಕೈ ಬೀಸಿದಳು, "ಏಯ್ ಮಗಾ" ಅಂತ ಕೂಗಿದಳು. ಅವನು ಮೇಲೆ ನೋಡಲಿಲ್ಲ. ಎದುರಿಗೇ ನೋಡುತ್ತಿದ್ದ.

ಐದು ನಿಮಿಷ ಇರಬಹುದು. ಹಡಗು ಮತ್ತೆ ತಿರುಗಿತು, ಅವರ ಎದುರಿಗೆ ಬರೀ ಕರಿ ಬಂಡೆ ಬಂತು. ಒಳಗಿಂದ ಯಾರೋ ಕರೆದರು. ಒಬ್ಬೊಬ್ಬರಾಗಿ ಒಳಗೆ ಹೋದರು.

ಇನ್ನು ಹತ್ತು ನಿಮಿಷ ಆಗಿರಲಿಲ್ಲ. ಮೂರು ಮಹಡಿ ಕಟ್ಟಡದಷ್ಟು ಹಿಮ ಗೋಡೆಯಿಂದ ಕಳಚಿ ನಿಂತ ನಿಲುವಿನಲ್ಲೇ ಇಳಿಯಿತು. ಸಮುದ್ರ ಎದ್ದಿತು. ಆಮೇಲೆ ಗುಡುಗು. ಡೆಕ್ಕಿನ ಮೇಲೆಲ್ಲ ಚಪ್ಪಾಳೆ, ಸೀಟಿ! ರಜನಿಕಾಂತ್ ಎಂಟ್ರಿಗೆ ಹೊಡೆಯೋ ಹಾಗೆ. ಅಮ್ಮ ಚಪ್ಪಾಳೆ ಹೊಡೆಯಲಿಲ್ಲ. "ಆ ಹುಡುಗನಿಗೆ ಇದು ಸಿಕ್ಕಲಿಲ್ಲವಲ್ಲೋ" ಅಂದಳು.

ಕೆಚಿಕನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಮಳೆ ಬಿಟ್ಟು ಬೇರೇನೂ ಕಾಣಲಿಲ್ಲ. ವರ್ಷಕ್ಕೆ 140 ಅಂಗುಲದ ಆಜುಬಾಜು. ಅದನ್ನೇ 'ದ್ರವ ಬಿಸಿಲು' ಅಂತ ಕರೆದು ಹಡಗುಕಟ್ಟೆಯಲ್ಲಿ ಅಳತೆಯ ಬೋರ್ಡು ನೆಟ್ಟಿದ್ದಾರೆ. ನಮ್ಮ ಆಗುಂಬೆಯವರು ನೋಡಿದರೆ ನಕ್ಕಾರು, ಅವರದು ಇದರ ಎರಡರಷ್ಟು. ಹೊಳೆಯ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆಗಳು, ಕೆಳಗೆ ಪ್ರವಾಹದ ಎದುರು ಎಗರುವ ಸಾಲ್ಮನ್ ಮೀನು, ಹದ್ದು, ಕಾಗೆಗಳನ್ನು ಕೆತ್ತಿದ ಎತ್ತರದ ಟೋಟೆಮ್ ಕಂಬಗಳು. ಇಷ್ಟನ್ನು ಕೊಡೆಯ ಅಡಿಯಿಂದ ನೋಡಿ ಬಂದೆ. ಇನ್ನು ಆ 185 ಡಾಲರಿನ ವಿಕ್ಟೋರಿಯಾ! ರಾತ್ರಿ ಎಂಟಕ್ಕೆ ತಲುಪಿದೆವು. ಅಮ್ಮ ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲಿಲ್ಲ.

ಸಿಯಾಟಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ನಮ್ಮನ್ನು ಇಳಿಸಿದರು. ಸಂಜೆ ನಾಲ್ಕಕ್ಕೆ ಅದೇ ಹಡಗು ಬೇರೆ ಎರಡೂವರೆ ಸಾವಿರ ಜನರನ್ನು ತುಂಬಿಕೊಂಡು ಮತ್ತೆ ಹೊರಡಬೇಕು. ಕಟ್ಟೆಯ ಮೇಲೆ ಫೋರ್ಕ್‌ಲಿಫ್ಟ್‌ಗಳು ಹಿಟ್ಟಿನ ಮೂಟೆ ಏರಿಸುತ್ತಿದ್ದವು.

ಆ ಹುಡುಗ ನವೆಂಬರ್‌ನಲ್ಲಿ ಊರಿಗೆ ಬಂದ. ಬಂದ ವಾರದಲ್ಲೇ ಫೋನ್ ಮಾಡಿದ. ಚಟ್ನಿಪುಡಿ ಬೇಕರಿಯವರೆಲ್ಲ ಬ್ರೆಡ್ಡಿಗೆ ಹಚ್ಚಿಕೊಂಡು ಎರಡೇ ರಾತ್ರಿಯಲ್ಲಿ ಖಾಲಿಯಂತೆ. ಅಮ್ಮ ಫೋನ್ ಕಿತ್ತುಕೊಂಡು ಕೇಳಿದ್ದು ಒಂದೇ: ನೀನು ಒಳಗೆ ಹೋದ ಮೇಲೆ ದೊಡ್ಡದು ಬಿತ್ತಲ್ಲ, ಗೊತ್ತಾಯಿತಾ?

"ಗೊತ್ತಾಗಿದೆ ಅಮ್ಮ. ಮಲಗಿದ್ದೆ. ನಮ್ಮ ರೂಮು ನೀರಿನ ಕೆಳಗಲ್ವಾ, ಧಡ್ ಅಂತ ಕೇಳಿತು. ಮತ್ತೆ ಐಸ್ ತುಂಡುಗಳು ಹಡಗಿನ ತಗಡಿಗೆ ಉಜ್ಜಿಕೊಂಡು ಹೋದವು, ತಲೆಯ ಹತ್ತಿರವೇ. ಅದು ನಿಮಗೆ ಮೇಲೆ ಕೇಳಿರ್ಲಿಕ್ಕಿಲ್ಲ."

ಊರಲ್ಲಿ ಎರಡು ತಿಂಗಳು ಇದ್ದಾನಂತೆ, ಮನೆಯವರು ಬನ್ಸ್ ಮಾಡಿದರೂ ಹತ್ತಿರ ಸುಳಿಯೋದಿಲ್ಲವಂತೆ, ಮೂರು ಹೊತ್ತೂ ಗಂಜಿ, ಮೀನು ಸಾರು. ತಂಗಿಯ ಕಡೇ ವರ್ಷದ ಫೀಸು ಜನವರಿಯಲ್ಲಿ ಕಟ್ಟಬೇಕು. ಅಷ್ಟರೊಳಗೆ ಹೊಸ ಕಾಂಟ್ರಾಕ್ಟಿಗೆ ಸಹಿ ಹಾಕುತ್ತಾನೆ. ಹಗಲು ಪಾಳಿ ಕೇಳಿದ್ದಾನೆ.